ಚುಕ್ಕಿ ಬಿದ್ದ ರೂಪಾಯಿ

"ಸ್ವಲ್ಪ" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಜಗತ್ತಿನ ಅರ್ಧ ಮೋಸ ಆ ಒಂದು ಮಾತಿನೊಳಗೇ ಅಡಗಿ ಕುಳಿತಿದೆ. ತಿಜೋರಿ ಒಡೆಯುವ ಕಳ್ಳನಾದರೂ ನಿದ್ದೆಗೆಡುತ್ತಾನೆ, ಬೆವರು ಸುರಿಸುತ್ತಾನೆ, ನಾಯಿಗೆ ಹೆದರುತ್ತಾನೆ. "ಸ್ವಲ್ಪ ಸವದೈತಿ", "ಸ್ವಲ್ಪ ಡಾಗ ಐತಿ, ಕಲೆ ಬಿದ್ದೈತಿ" ಎನ್ನುವವನಿಗೆ ಅದಾವ ಕಷ್ಟವೂ ಇಲ್ಲ. ಖುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಲೇ ಎದುರಿನವನ ಮನೆ ತೊಳೆದುಬಿಡುತ್ತಾನೆ. ನಾನು ಹೇಳಹೊರಟಿರುವುದು ಚಿಕ್ಕೋಡಿಯ ವಿಕ್ರಾಂತನ ಸುದ್ದಿ. ಮೊಬೈಲ್ ಅಂಗಡಿ ಇಟ್ಟುಕೊಂಡು, ಅದರ ಜೊತೆಗೆ ಹಳೆಯ ನಾಣ್ಯ ಕೊಳ್ಳುವ, ಮಾರುವ ಮನುಷ್ಯ ಅವನು.

ನಾನು ಭೀಮಗೊಂಡ. ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಮೂವತ್ತೊಂದು ವರ್ಷ ಮಾಲು ನೋಡುವ ಕೆಲಸ ಮಾಡಿದವನು. ರೈತ ಚೀಲ ತಂದು ಇಳಿಸಿದರೆ ನಾನು ಒಳಗೆ ಕೈ ಹಾಕುತ್ತಿದ್ದೆ. ಒಂದು ಮುಷ್ಟಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಮೂಸಿ, ಇದು ಒಂದನೇ ನಂಬರು, ಇದು ಮೂರನೇ ನಂಬರು ಎಂದು ಹೇಳುತ್ತಿದ್ದೆ. ನಾನು ಹೇಳಿದ ಮೇಲೆ ಮುಗಿಯಿತು, ಸಾವುಕಾರರೂ ಮರುಮಾತಾಡುತ್ತಿರಲಿಲ್ಲ. ಈಗ ಮನೆಯಲ್ಲಿದ್ದೇನೆ. ಮೂಗು ಇನ್ನೂ ಚುರುಕಾಗಿದೆ, ಅದರ ತುದಿಯ ಸಿಟ್ಟು ಇನ್ನಷ್ಟು ಚುರುಕಾಗಿದೆ. ಇವರು ಬಸದಿಗೆ ಹೋದರೂ ಚಪ್ಪಲಿಯನ್ನಷ್ಟೇ ಹೊರಗೆ ಬಿಡುತ್ತಾರೆ, ಸಿಟ್ಟನ್ನು ಒಳಗೇ ಒಯ್ಯುತ್ತಾರೆ ಎಂದು ನನ್ನ ಹೆಂಡತಿ ಗಂಗೂಬಾಯಿ ಓಣಿಯವರ ಮುಂದೆಲ್ಲ ಹೇಳಿಕೊಂಡು ನಗುತ್ತಾಳೆ.

ಹೊತ್ತು ಹೋಗಲೆಂದು ನಿಪ್ಪಾಣಿಯ ನಾಣ್ಯ ಬಳಗಕ್ಕೆ ಸೇರಿದ್ದೆ. ತಿಂಗಳಿಗೊಮ್ಮೆ ಹತ್ತು ಹದಿನೈದು ಜನ ಕೂಡುತ್ತೇವೆ. ನನ್ನ ಹತ್ತಿರ ಹೆಚ್ಚೇನಿಲ್ಲ, ಮರಾಠರ ಕಾಲದ ತಾಮ್ರದ ಕಾಸು, ನಾಲ್ಕು ಶಿವರಾಯಿ ಇವೆ. ಆದರೂ ಅಲ್ಲಿಯ ಮಾತು ನನಗೆ ಹಿಡಿಸಿತು, ಏಕೆಂದರೆ ಅಲ್ಲಿಯೂ ನಂಬರು ಇದೆ. ಎಷ್ಟು ಸವೆದಿದೆ ಎಂಬುದರ ಮೇಲೆ ನಾಣ್ಯದ ದರ್ಜೆ, ದರ್ಜೆಯ ಮೇಲೆ ಬೆಲೆ. ಅವರ ಲೆಕ್ಕದಲ್ಲಿ "ಗುಡ್" ಎಂದರೆ ರಾಶಿ ತೂರಿದ ಮೇಲೆ ಉಳಿದ ಹೊಟ್ಟು, ಮುಖ ಮೂತಿ ಕಾಣದ ನಾಣ್ಯ. ಅದರ ಮೇಲೆ "ಫೈನ್". ಅದರ ಮೇಲೆ "ವೆರಿ ಫೈನ್". ಅದಕ್ಕೂ ಮೇಲೆ "ಎಕ್ಸ್‌ಟ್ರೀಮ್ಲಿ ಫೈನ್". ಇದನ್ನೆಲ್ಲ ಹೇಳುವ ಒಂದು ಪುಸ್ತಕವಿದೆ, ವಿಕ್ರಾಂತ ಅದರ ಹಾಳೆಗಳಿಗೆ ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದಾನೆ.

ಸಂಕ್ರಾಂತಿ ಮುಗಿದ ವಾರ ಗಳತಗಾದಿಂದ ರಾಮವ್ವ ನಮ್ಮ ಮನೆ ಹುಡುಕಿಕೊಂಡು ಬಂದಳು. ಅರವತ್ತೈದು ದಾಟಿದ ಹೆಂಗಸು. ಆಕೆಯ ಗಂಡ ಬಸವಂತ ಎರಡು ಎಕರೆಯಲ್ಲಿ ತಂಬಾಕು ಬೆಳೆಯುತ್ತಿದ್ದ, ಕೆಲಸವಿಲ್ಲದ ತಿಂಗಳಲ್ಲಿ ನಮ್ಮ ವಖಾರಿಗೆ ಹಮಾಲಿಗೆ ಬರುತ್ತಿದ್ದ. ತೀರಿಹೋಗಿ ಆರು ವರ್ಷವಾಗಿದೆ. ನಿಜ ಹೇಳಬೇಕೆಂದರೆ ಅವನ ಮುಖ ನನಗೆ ನೆನಪಾಗಲಿಲ್ಲ. ಚೀಲ ಹೊತ್ತವರ ಬೆನ್ನು ನೋಡಿದ್ದೆ, ಮುಖ ನೋಡಿದ್ದು ಕಡಿಮೆ.

ರಾಮವ್ವ ಕಟ್ಟೆಯ ಮೇಲೆ ಕುಳಿತು ಹೊಲದ ಆಚೆ ದಂಡೆಯಲ್ಲಿರುವವರನ್ನು ಕರೆಯುವ ಹಾಗೆ ಮಾತಾಡಿದಳು. ಆಕೆಯ ಕಿವಿ ಮಂದವಾಗಿತ್ತು, ತನ್ನ ದನಿ ತನಗೇ ಕೇಳುತ್ತಿರಲಿಲ್ಲ.

"ಗೌಡ್ರ, ನಿಮ್ಮ ಕಣ್ಣ ಭಾಳ ಚೂಪ ಅಂತ ನಮ್ಮ ಮನಿಯವರು ಸಾಯೂತನಾ ಅಂತಿದ್ರರಿ. ಅದಕ್ಕ ನಿಮ್ಮ ಕಡೇನ ಬಂದೇನಿ."

ಹೊಗಳಿಕೆ ಯಾರಿಗೆ ಬೇಡ. ನಾನು ಮೀಸೆ ತೀಡಿಕೊಂಡೆ. ಗಂಗೂಬಾಯಿ ಚಹಾ ತಂದಳು.

ರಾಮವ್ವ ಸೆರಗಿನ ಗಂಟು ಬಿಚ್ಚಿ, ಹಳೆಯ ಲೆಕ್ಕದ ವಹಿಯ ಕಾಗದದಲ್ಲಿ ಸುತ್ತಿದ ಒಂದು ಬೆಳ್ಳಿ ರೂಪಾಯಿ ತೆಗೆದಳು. ಸಾವಿರದ ಒಂಬೈನೂರ ಹನ್ನೊಂದರದು. ಆ ವರ್ಷದ ರೂಪಾಯಿಯ ಕಥೆ ಬಳಗದಲ್ಲಿ ಎಲ್ಲರಿಗೂ ಗೊತ್ತು. ಅದರ ಮೇಲಿನ ಬ್ರಿಟಿಷ್ ರಾಜನ ನಿಲುವಂಗಿಯ ಮೇಲೆ ಕೆತ್ತಿದ ಆನೆ ಜನರಿಗೆ ಹಂದಿಯ ಹಾಗೆ ಕಂಡಿತೆಂದು ಗದ್ದಲವಾಗಿ, ಮುಂದಿನ ವರ್ಷ ಅಚ್ಚನ್ನೇ ಬದಲಿಸಿದರು. ಅದಕ್ಕೇ ಸಂಗ್ರಹಿಸುವವರು ಅದನ್ನು ಹುಡುಕುತ್ತಾರೆ. ರಾಮವ್ವನ ರೂಪಾಯಿಯಲ್ಲಿ ಆ ಆನೆಯ ಸೊಂಡಿಲು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಕಾಗದದಲ್ಲಿ ಎಷ್ಟೋ ವರ್ಷ ಇದ್ದುದರಿಂದ ಅಂಚಿನ ಸುತ್ತ ನೀಲಿಗಪ್ಪು ಚುಕ್ಕಿಗಳು ಮೂಡಿದ್ದವು. ರಾಜನ ಕಿವಿಯ ಕೆಳಗೆ ಜೋಳದ ಕೂಳೆಯ ಹಾಗೆ ಓರೆಯಾದ ಒಂದು ಸಣ್ಣ ಗೀರು ಇತ್ತು. ಒಮ್ಮೆ ನೋಡಿದ ಮಾಲನ್ನು ನಾನು ಮರೆಯುವವನಲ್ಲ.

"ಇದನ್ನ ಯಾಕ ಮಾರ್ತಿ ಯವ್ವಾ?" ಎಂದು ಎರಡು ಸಲ ಕೂಗಿ ಕೇಳಿದೆ.

"ಕಿವಿ ಯಂತ್ರ ತಗೋಬೇಕರಿ. ನಿಪ್ಪಾಣಿ ಅಂಗಡ್ಯಾಗ ಹನ್ನೊಂದ ಸಾವಿರ ಅಂತ ಹೇಳ್ಯಾರ. ಹೋದ ತಿಂಗಳ ಆಡಾ ಹೊಡಕೊಂಡ ರಸ್ತೇದ ಮ್ಯಾಲ ಹೊಂಟಿದ್ದೆ. ಹಿಂದಿಂದ ಕಬ್ಬಿನ ಟ್ರ್ಯಾಕ್ಟರ ಬಂದಿದ್ದು ಗೊತ್ತ ಆಗಲಿಲ್ಲ. ಹಡಿಯೂ ಆಡ ಒಂದ ಹೋತು. ಮುಂದಿನ ಸಲ ನಾನ ಹೋಗ್ತೀನಿ."

ಕಬ್ಬಿನ ಟ್ರ್ಯಾಕ್ಟರಿನವರು ಹಾಕುವ ಹಾಡು ಮೂರು ಊರಿಗೆ ಕೇಳುತ್ತದೆ. ಆ ಹಾಡೇ ಆಕೆಗೆ ಕೇಳಿರಲಿಲ್ಲ. ಇನ್ನು ಮೂರು ಆಡು ಉಳಿದಿದ್ದವು, ಅವನ್ನು ಕಾಯಲು ಆಕೆ ದಿನವೂ ಅದೇ ರಸ್ತೆಗೆ ಹೋಗಲೇಬೇಕಿತ್ತು. "ಚಿಂತಿ ಮಾಡಬ್ಯಾಡ, ಯಂತ್ರ ಹಾಕ್ಕೊಂಡ ಊರಿಗೆ ಹೋಗೀ ಅಂತ ತಿಳಿ" ಎಂದು ಮಾತು ಕೊಟ್ಟು, ಮರುದಿನ ಆಕೆಯನ್ನು ಬಸ್ಸಿನಲ್ಲಿ ಚಿಕ್ಕೋಡಿಗೆ ಕರೆದುಕೊಂಡು ಹೋದೆ.

ವಿಕ್ರಾಂತ ನಮ್ಮನ್ನು ಕೂರಿಸಿ ಚಹಾ ಹೇಳಿದ. ಟ್ಯೂಬ್‌ಲೈಟಿನ ಕೆಳಗೆ ರೂಪಾಯಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಬಾಯಲ್ಲಿ ಲೊಚಗುಟ್ಟಿದ. ಆ ಲೊಚಲೊಚ ಕೇಳಿಯೇ ನನಗೆ ತಿಳಿಯಬೇಕಿತ್ತು.

"ಕಾಕಾ, ಪುಸ್ತಕದಾಗ ಏನ ಬರದಾರ ನೋಡ್ರಿ. ಉಬ್ಬಿದ ಜಾಗಾ ಸ್ವಲ್ಪ ಸವದಿದ್ರ ಎಕ್ಸ್‌ಟ್ರೀಮ್ಲಿ ಫೈನ್. ಇದು ಸ್ವಲ್ಪ ಅಲ್ಲರಿ. ರಾಜಾನ ಗಡ್ಡಾ ನೋಡ್ರಿ, ಕೂದಲಾ ಕೂಡ್ಯಾವ. ಮ್ಯಾಲಿಂದ ಚುಕ್ಕಿ ಬಿದ್ದಾವ. ಡಾಗ ಇದ್ದದ್ದ ಗಿರಾಕಿ ಮುಟ್ಟೂದಿಲ್ಲ. ಭಾಳ ಅಂದ್ರ ಫೈನ್. ನಾಲ್ಕ ಸಾವಿರ ಕೊಡ್ತೀನಿ, ನೀವ ಬಂದೀರಿ ಅಂತ."

ನನ್ನ ಕಣ್ಣಿಗೆ ಆ ಗಡ್ಡದ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ಪಟ್ಟನೆ ಹೇಳಬೇಕಿತ್ತು. ಹೇಳಲಿಲ್ಲ. ಅವನ ಹತ್ತಿರ ಪುಸ್ತಕವಿದೆ, ಕನ್ನಡಿ ಇದೆ, ಇಪ್ಪತ್ತು ವರ್ಷದ ಅನುಭವವಿದೆ, ನಾನು ನಾಲ್ಕು ಶಿವರಾಯಿಯ ಧಣಿ ಎಂದು ಬಾಯಿ ಮುಚ್ಚಿಕೊಂಡೆ. ಅವನು ಮಾತಾಡುವಾಗ ರಾಮವ್ವ ರೂಪಾಯಿಯನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಉದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆಯಾಡಿಸಿದೆ. ಆಕೆ ನಾಲ್ಕು ಸಾವಿರ ತೆಗೆದುಕೊಂಡಳು. ಅದಕ್ಕೆ ಕಿವಿ ಯಂತ್ರ ಬರುವುದಿಲ್ಲವಲ್ಲ, ಹಾಗೆಯೇ ಗಳತಗಾದ ಬಸ್ಸು ಹತ್ತಿದಳು.

ಏಪ್ರಿಲಿನಲ್ಲಿ ನಮ್ಮ ಬಳಗದ ಎರಡು ದಿನದ ಪ್ರದರ್ಶನ ನಡೆಯಿತು, ನಿಪ್ಪಾಣಿಯಲ್ಲಿ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ. ಮೊದಲ ದಿನ ನಾನು ಮೇಜಿನಿಂದ ಮೇಜಿಗೆ ನೋಡುತ್ತ ವಿಕ್ರಾಂತನ ಮೇಜಿಗೆ ಬಂದೆ. ಗಾಜಿನ ಪೆಟ್ಟಿಗೆಯ ನಟ್ಟನಡುವೆ, ಕೆಂಪು ಮಖಮಲ್ಲಿನ ಮೇಲೆ, ಹನ್ನೊಂದರ ರೂಪಾಯಿ. ಕಿವಿಯ ಕೆಳಗೆ ಓರೆ ಗೀರು. ಪಕ್ಕದಲ್ಲಿ ಅಚ್ಚು ಹಾಕಿಸಿದ ಕಾರ್ಡು: ಎಕ್ಸ್‌ಟ್ರೀಮ್ಲಿ ಫೈನ್, ಅಂಚಿನಲ್ಲಿ ಸಹಜವಾದ ನೀಲಿ ಬಣ್ಣ, ಅಪರೂಪದ್ದು, ಹದಿನೈದು ಸಾವಿರ.

ನಾನು ಕಾರ್ಡನ್ನು ಮೂರು ಸಲ ಓದಿದೆ. ಜನವರಿಯಲ್ಲಿ ಡಾಗ ಆಗಿದ್ದದ್ದು ಏಪ್ರಿಲಿನಲ್ಲಿ ಬಣ್ಣವಾಗಿತ್ತು. ಜನವರಿಯಲ್ಲಿ ಕೂಡಿಹೋಗಿದ್ದ ಗಡ್ಡ ಏಪ್ರಿಲಿನಲ್ಲಿ ಮತ್ತೆ ಬೆಳೆದಿತ್ತು. ಸತ್ತ ರಾಜನ ಗಡ್ಡ ಮೂರು ತಿಂಗಳಲ್ಲಿ ಬೆಳೆಸುವ ಕ್ಷೌರಿಕನನ್ನು ನಾನು ಮೊದಲ ಸಲ ನೋಡಿದ್ದೆ. ಅಲ್ಲೇ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಆದರೆ ಸಾಕ್ಷಿ ಇಲ್ಲದ ಜಗಳ ಉಪ್ಪಿಲ್ಲದ ಅಂಬಲಿ. ಮನೆಗೆ ಬಂದೆ.

ಮನೆಯಲ್ಲಿ ನನ್ನ ಕೂಗಾಟಕ್ಕೆ ಗಂಗೂಬಾಯಿ ಹಿಟ್ಟು ನಾದುತ್ತಲೇ ತಲೆ ಎತ್ತಿದಳು.

"ಇಷ್ಟ್ಯಾಕ ಉರಕೋತೀರಿ? ರೂಪಾಯಿ ನಿಮ್ಮದೇನಲ್ಲ."

"ಒಂದ ಮಾಲಿಗೆ ಎರಡ ನಂಬರ ಕೊಡಾಂವ ಮನಷ್ಯಾನ ಅಲ್ಲ. ಕೊಳ್ಳೂವಾಗ ಒಂದು, ಮಾರೂವಾಗ ಒಂದು. ಅನ್ನಾ ತಿಂತಾನೊ ಮತ್ತೇನ ತಿಂತಾನೊ."

ಗಂಗೂಬಾಯಿ ನನ್ನನ್ನು ಒಂದು ಗಳಿಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಹಿಟ್ಟಿನ ಕಡೆ ಬಗ್ಗಿದಳು. ನನಗೆ ಆಗ ಅದನ್ನು ಕೇಳುವ ತಾಳ್ಮೆ ಇರಲಿಲ್ಲ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಗಳತಗಾಕ್ಕೆ ಹೋಗಿ ರಾಮವ್ವನನ್ನು ಕರೆತಂದೆ. ಏಕೆ, ಏನು ಎಂದು ದಾರಿಯಲ್ಲಿ ಕೂಗಿ ಹೇಳಿದ್ದರಲ್ಲಿ ಆಕೆಗೆ ಎಷ್ಟು ಕೇಳಿತೋ ಗೊತ್ತಿಲ್ಲ, ಬಸ್ಸಿನವರಿಗೆಲ್ಲ ಪೂರ್ತಿ ಕೇಳಿತು. ಕಾರ್ಯಾಲಯದಲ್ಲಿ ಆಗಲೇ ಐವತ್ತು ಅರವತ್ತು ಜನ ಸೇರಿದ್ದರು. ನಾನು ಆಕೆಯನ್ನು ನೇರವಾಗಿ ವಿಕ್ರಾಂತನ ಮೇಜಿನ ಮುಂದೆ ನಿಲ್ಲಿಸಿದೆ.

"ವಿಕ್ರಾಂತ, ಈ ಅವ್ವನ ಗುರ್ತ ಐತೇನು?"

"ಐತ್ರಿ ಕಾಕಾ, ಬರ್ರಿ, ಕುಂಡರ್ರಿ."

"ಕುಂಡ್ರಾಕ ಬಂದಿಲ್ಲ. ಈ ರೂಪಾಯಿ ಆಕೀದ ಹೌದಲ್ಲೊ? ಮೂರ ತಿಂಗಳ ಹಿಂದ ಇದಕ್ಕ ಏನ ಅಂದಿದ್ದಿ?"

ವಿಕ್ರಾಂತ ಬೆಚ್ಚಲಿಲ್ಲ. ಅವನ ದನಿ ಕೂಡ ಏರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

"ಕಾಕಾ, ಪುಸ್ತಕ ಒಂದ ಇರತೈತಿ, ಓದೂ ಕಣ್ಣ ಬ್ಯಾರೆ ಬ್ಯಾರೆ. ಸ್ವಲ್ಪ ಅಂದ್ರ ಎಷ್ಟು ಅಂತ ಪುಸ್ತಕದಾಗ ಅಳತಿ ಕೊಟ್ಟಿಲ್ಲ. ಅವತ್ತ ಟ್ಯೂಬಲೈಟಿನಾಗ ನೋಡಿದ್ದೆ. ಆಮ್ಯಾಲ ಬಿಸಲಾಗ ನೋಡಿದೆ, ಕೂದಲಾ ಕಂಡವು. ಇದರಾಗ ಮೋಸ ಏನ ಬಂತ್ರಿ, ಇದು ಅಭಿಪ್ರಾಯ."

"ಹಂಗಾದ್ರ ಬಿಸಲ ಬಿದ್ದ ಮ್ಯಾಲ ಆ ಅವ್ವನ ಮನಿಗೆ ಯಾಕ ಹೋಗಲಿಲ್ಲ?" ಎಂದು ನಾನು ಕೂಗಿದೆ. ಸುತ್ತಲಿನ ಮೇಜಿನವರೆಲ್ಲ ಎದ್ದು ಬಂದರು. "ಕೊಳ್ಳೂವಾಗ ಡಾಗ, ಮಾರೂವಾಗ ಬಣ್ಣ. ಚುಕ್ಕಿ ಅವ ಅದಾವ, ರೂಪಾಯಿ ಅದ ಐತಿ. ಬದಲ ಆಗಿದ್ದು ಯಾರ ಕಿಸೇದಾಗ ಐತಿ ಅನ್ನೂದಷ್ಟ. ಇದಕ್ಕ ಅಭಿಪ್ರಾಯ ಅಂತಾರೇನು? ನಮ್ಮ ಕಡೆ ಇದಕ್ಕ ಹಾಡಾಹಗಲ ಕಳವು ಅಂತಾರ. ಬಡವರ ಮಾಲಿಗೆ ಒಂದ ಕಣ್ಣ, ಸ್ವಂತ ಮಾಲಿಗೆ ಒಂದ ಕಣ್ಣ. ನಾಚಿಕಿ ಬರಬೇಕು ನಿನಗ."

ಬಳಗದ ಅಧ್ಯಕ್ಷರು ಕಾಡಸಿದ್ದ ಮಾಸ್ತರರು, ರಾಯಬಾಗದಲ್ಲಿ ಶಾಲೆ ಕಲಿಸಿ ನಿವೃತ್ತರಾದವರು. ಮೆತ್ತಗೆ ಮಾತಾಡುವ ಮನುಷ್ಯ. ಅವರು ಗುಂಪು ಸರಿಸಿಕೊಂಡು ಬಂದು ಕಾರ್ಡು ಓದಿದರು, ರೂಪಾಯಿ ನೋಡಿದರು, ನನ್ನಿಂದ ನಡೆದದ್ದನ್ನು ಕೇಳಿದರು.

"ವಿಕ್ರಾಂತ, ನಾ ನಿನ್ನ ಕಳ್ಳ ಅನ್ನೂದಿಲ್ಲ. ಎರಡರಾಗ ಒಂದ ಮಾಡು. ಇದು ಫೈನ್ ಆಗಿದ್ರ ಕಾರ್ಡ ಹರಿ, ಫೈನ್ ಅಂತ ಬರದ ನಾಲ್ಕ ಸಾವಿರಕ್ಕ ಇಡು. ಈಗಿಂದೀಗ ನಾನ ತಗೋತೀನಿ. ಇಲ್ಲಾ ಕಾರ್ಡ ಖರೇ ಆಗಿದ್ರ, ಆ ಕಾರ್ಡಿನ ಲೆಕ್ಕದಾಗ ಆ ಅವ್ವಗ ಕೊಡಬೇಕಾದ್ದ ಕೊಡು. ನಿನ್ನ ಲಾಭ ಮೂರ ಸಾವಿರ ಇಟ್ಗೊ, ಬ್ಯಾಡ ಅನ್ನೂದಿಲ್ಲ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಾಲ್ಕು ಸಾವಿರಕ್ಕೆ ಕೊಳ್ಳಲು ಮಾಸ್ತರರ ಹಿಂದೆ ಇನ್ನೂ ಆರು ಜನ ಕೈ ಎತ್ತಿದರು. ವಿಕ್ರಾಂತ ಅವರ ಮುಖಗಳನ್ನು ನೋಡಿದ, ಕಾರ್ಡನ್ನು ನೋಡಿದ, ಡ್ರಾವರ್ ಎಳೆದು ಎಂಟು ಸಾವಿರ ತೆಗೆದು ರಾಮವ್ವನ ಕೈಯಲ್ಲಿಟ್ಟ. ಮೊದಲಿನ ನಾಲ್ಕು ಆಕೆ ಮುಟ್ಟದೆ ಸೆರಗಿನಲ್ಲೇ ಕಟ್ಟಿಕೊಂಡು ಬಂದಿದ್ದಳು. ಯಂತ್ರಕ್ಕೆ ಸಾಕಾಗಿ ಇನ್ನೂ ಒಂದು ಸಾವಿರ ಮಿಕ್ಕಿತು. ನಾನು ಎದೆ ಉಬ್ಬಿಸಿ ನಿಂತೆ. ಜನ ನನ್ನ ಬೆನ್ನು ತಟ್ಟಿದರು.

ರಾಮವ್ವ ಮಾತ್ರ ಏನಾಯಿತೆಂದು ತಿಳಿಯದೆ ಎಲ್ಲರ ಬಾಯಿ ನೋಡುತ್ತಿದ್ದಳು. ಮಾಸ್ತರರು ಆಕೆಯ ಕಿವಿಯ ಹತ್ತಿರ ಬಗ್ಗಿ, ರೂಪಾಯಿಯ ಅಂಚು ತೋರಿಸಿ, "ಈ ಚುಕ್ಕಿ ನೋಡಿ ಆವಾಗ ಕಡಿಮಿ ಕೊಟ್ಟಿದ್ದ. ಈಗ ಅದ ಚುಕ್ಕಿಗೆ ಹೆಚ್ಚ ಬೆಲಿ ಹೇಳಾಕತ್ತಾನ. ಅದಕ್ಕ ಗೌಡ್ರು ಜಗಳಾ ತಗದಾರ" ಎಂದು ಗಟ್ಟಿಯಾಗಿ ಹೇಳಿದರು.

ರಾಮವ್ವನಿಗೆ ಈಗ ಅರ್ಥವಾಯಿತು. ಆಕೆ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ನನ್ನೊಬ್ಬನಿಗೇ ಗುಟ್ಟಾಗಿ ಹೇಳುತ್ತಿರುವುದಾಗಿ ಆಕೆ ತಿಳಿದಿದ್ದಳು. ಆದರೆ ಕಾರ್ಯಾಲಯದ ಕೊನೆಯ ಮೇಜಿಗೂ ಆಕೆಯ ಮಾತು ಕೇಳಿತು.

"ನಮ್ಮ ತಂಬಾಕಿಗೂ ನೀವು ಚುಕ್ಕಿ ಬಿದ್ದೈತಿ ಅಂದಿದ್ರೆಲ್ಲರಿ ಗೌಡ್ರ."

ಆಕೆ ನನ್ನ ತೋಳು ಬಿಡದೆ ಮುಂದುವರಿಸಿದಳು.

"ನಮ್ಮ ಮಗಳು ನೀಲಮನ ಮದವಿ ವರ್ಷರಿ. ಹದಿಮೂರ ಚೀಲ ತಂದಿದ್ವಿ, ನಾನೂ ಗಾಡ್ಯಾಗ ಬಂದಿದ್ದೆ. ನೀವು ಮುಷ್ಟಿ ತಗದು ಮೂಸಿ ನೋಡಿದ್ರಿ. ಸ್ವಲ್ಪ ಚುಕ್ಕಿ ಬಿದ್ದೈತಿ, ಮೂರನೇ ನಂಬರ ಅಂದ್ರಿ. ಮರುದಿನ ನಮ್ಮ ಮನಿಯವರು ಅಲ್ಲೇ ಹಮಾಲಿಗೆ ಬಂದಿದ್ರು. ಅವ ಹದಿಮೂರ ಚೀಲ ಅವರ ಬೆನ್ನಿನ ಮ್ಯಾಲನ ಹೊತ್ತು ಒಂದನೇ ನಂಬರ ಥಪ್ಪಿಗೆ ಹಾಕಿದ್ರು. ಚುಕ್ಕಿ ಇದ್ದದ್ದ ಹಣ್ಣಾದ ಮಾಲು, ಆ ಕಡೆ ಇಡ್ರಿ ಅಂತ ನೀವ ಹೇಳಿದ್ರಂತ. ಮನಿಗೆ ಬಂದು ನಕ್ಕೋತ ಹೇಳಿದ್ರು, ಗೌಡ್ರ ಕಣ್ಣ ಭಾಳ ಚೂಪ ಐತಿ ಅಂತ."

ಹೌದು, ಎಲೆಯ ಮೇಲಿನ ಚುಕ್ಕಿ ಹಣ್ಣಾದ ಎಲೆಯ ಗುರುತು. ಬೀಡಿ ಕಾರ್ಖಾನೆಯವರು ಚುಕ್ಕಿ ನೋಡಿಯೇ ಹೆಚ್ಚು ಕೊಡುತ್ತಾರೆ. ರೈತನ ಮುಂದೆ ಅದನ್ನೇ ರೋಗವೆಂದು ಹೇಳುವುದು ನಮ್ಮ ವಖಾರಿಯ ಪದ್ಧತಿ. ನನಗಿಂತ ಮೊದಲಿದ್ದವನು ನನಗೆ ಕಲಿಸಿದ್ದ, ನಾನು ನನ್ನ ನಂತರ ಬಂದವನಿಗೆ ಕಲಿಸಿದೆ. ಅದನ್ನು ಯಾವತ್ತೂ ಮೋಸ ಎಂದು ಕರೆದಿರಲಿಲ್ಲ. ಕೆಲಸ ಎಂದು ಕರೆದಿದ್ದೆ. ಹಾಗೆ ಎಷ್ಟು ಸಾವಿರ ಚೀಲ ನೋಡಿದ್ದೇನೋ, ಈ ಹದಿಮೂರು ನನಗೆ ನೆನಪೇ ಇರಲಿಲ್ಲ. ಒಮ್ಮೆ ನೋಡಿದ ಮಾಲನ್ನು ಮರೆಯುವವನಲ್ಲ ಎಂದು ಬಡಾಯಿ ಕೊಚ್ಚಿಕೊಳ್ಳುವ ಮನುಷ್ಯ ನಾನು.

"ಮತ್ತ ನನ್ನ ಕಡೆ ಯಾಕ ಬಂದಿ ಯವ್ವಾ?" ಎಂದು ಆಕೆಯ ಕಿವಿಯ ಹತ್ತಿರ ಕೇಳಿದೆ.

"ಈ ಆಟ ಗೊತ್ತಿದ್ದವರ ಒಬ್ಬರ ಜೋಡಿ ಇರಲಿ ಅಂತರಿ" ಎಂದಳು ರಾಮವ್ವ. ಆಕೆಯ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಚುಚ್ಚುವ ಮಾತೂ ಅದಾಗಿರಲಿಲ್ಲ. ಹೊಳೆ ದಾಟಲು ಅಂಬಿಗನ ಹತ್ತಿರ ಹೋದಷ್ಟೇ ಸಹಜವಾಗಿ ಆಕೆ ನನ್ನ ಹತ್ತಿರ ಬಂದಿದ್ದಳು.

ವಿಕ್ರಾಂತ ಗಾಜಿನ ಪೆಟ್ಟಿಗೆಯ ಹಿಂದೆ ನಿಂತು ತನ್ನ ಕಾರ್ಡನ್ನು ನೆಟ್ಟಗೆ ಮಾಡುತ್ತ ಸಣ್ಣಗೆ ನಗುತ್ತಿದ್ದ. ನನ್ನ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವನ ಮೇಲೆ ಕೂಗಬೇಕೆಂದರೆ ಬಾಯಿಯಲ್ಲಿ ಒಂದು ಮಾತೂ ಉಳಿದಿರಲಿಲ್ಲ, ಇದ್ದ ಮಾತನ್ನೆಲ್ಲ ಐದು ನಿಮಿಷದ ಹಿಂದೆ ನಾನೇ ಖರ್ಚು ಮಾಡಿದ್ದೆ.

"ತಪ್ಪಾತು ರಾಮವ್ವಾ" ಎಂದೆ.

"ಏನಂದ್ರಿ?"

"ತಪ್ಪಾತು."

"ಕೇಳಸವಲ್ದರಿ ಗೌಡ್ರ. ಜೋರ ಹೇಳ್ರಿ."

ಮೂವತ್ತೊಂದು ವರ್ಷ ವಖಾರಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ನಂಬರು ಕೂಗಿದ ಗಂಟಲು ನನ್ನದು. ಅರವತ್ತು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಾಸ್ತರರು ನೆಲ ನೋಡುತ್ತಿದ್ದರು. ನಾನು ಉಸಿರು ತುಂಬಿಕೊಂಡು, ಒಂದೊಂದು ಮಾತು ಬಿಡಿಸಿ, ಕಾರ್ಯಾಲಯದ ತಗಡಿನ ಛಾವಣಿಗೆ ಬಡಿಯುವಂತೆ ಕೂಗಿದೆ.

"ನಿಮ್ಮ ಹದಿಮೂರ ಚೀಲ ಒಂದನೇ ನಂಬರ ಇದ್ವು. ಚುಕ್ಕಿ ಹಣ್ಣಾದ ಗುರ್ತ ಇತ್ತು. ನಾ ಸುಳ್ಳ ಹೇಳಿದ್ದೆ."

ಈ ಸಲ ಆಕೆಗೆ ಕೇಳಿತು. ತಲೆಯಾಡಿಸಿದಳು.

"ಒಂದನೇ ನಂಬರ ಅಂತನ ನಮ್ಮ ಮನಿಯವರೂ ಅಂತಿದ್ರರಿ" ಎಂದಳು. ಆಮೇಲೆ ಹಣವನ್ನು ಸೆರಗಿನಲ್ಲಿ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲ ಕಡೆ ತಿರುಗಿದಳು. "ನಡ್ರಿ ಗೌಡ್ರ, ಕಿವಿ ಅಂಗಡಿಯವ ಊಟಕ್ಕ ಎದ್ದ ಹೋಗ್ತಾನ. ಅಲ್ಲೂ ನೀವ ಜೋಡಿ ಇರ್ರಿ."